ಬಾವಿಯ ಬದಿಯ ಬಿಳಿ ಚುಕ್ಕಿ

ಇಸವಿ 2058. ಮಲಪ್ರಭೆಯ ದಂಡೆಯ ಹೊಲಗಳ ಮೇಲೆ ‘ಎಲೆಮೂಗು’ ಹದ್ದಿನಂತೆ ಸುತ್ತುತ್ತಿತ್ತು. ಎಲೆಗಳು ಬಿಡುವ ಆವಿಯನ್ನು ಮೂಸಿ, ಯಾವ ಬೆಳೆಗೆ ಎಷ್ಟು ಔಷಧ ಹೊಡೆದಿದ್ದಾರೆಂದು ಅಂದಾಜು ಹಾಕುವ ಯಂತ್ರ ಅದು. ಅದನ್ನು ಕಟ್ಟಿದ ವಿಜ್ಞಾನಿ ತಸ್ನೀಮಳ ಕೈಯ ಪರದೆಯಲ್ಲಿ ಜೋಳ ತೆಳು ಹಳದಿ, ಹತ್ತಿ ಕಿತ್ತಳೆ, ಬದನೆ ನಿಗಿನಿಗಿ ಕೆಂಡ. ಆದರೆ ಆ ಕೆಂಡದ ನಡುವೆ, ಪ್ರತಿ ಬಾವಿಯ ಬದಿಗೂ ಒಂದು ಬಿಳಿ ಚುಕ್ಕಿ. ಬಿಳಿಯೆಂದರೆ ಔಷಧವೇ ಇಲ್ಲ.

“ಹೀಗಾಗೋಕೆ ಸಾಧ್ಯವೇ ಇಲ್ಲ. ಯಂತ್ರದ ದೋಷವಾ, ಯಮನೂರಪ್ಪನವರೇ?”

ಆ ಬದನೆ ಹೊಲದ ರೈತ ಯಮನೂರಪ್ಪ ಪರದೆಯತ್ತ ಬಗ್ಗಿ ನೋಡಿದ. ದೋಷವೆಂದು ಹೇಳಿದರೆ ಈ ಸುಗ್ಗಿಯ ಅಳತೆ ರದ್ದು. ಇಲ್ಲದಿದ್ದರೆ ಈ ಕೆಂಡದ ಲೆಕ್ಕಕ್ಕೆ ಊರಿನ ಬದನೆಗೆ ಪೇಟೆಯ ಬಾಗಿಲೇ ಬಂದ್. ಹೊಡೆದರೆ ಯಂತ್ರ ಹಿಡಿಯುತ್ತದೆ. ಹೊಡೆಯದಿದ್ದರೆ ಹುಳ ಕಚ್ಚಿದ ಕಾಯಿಯನ್ನು ದಲಾಲಿ ಕಾಲಿನಿಂದ ಒದೆಯುತ್ತಾನೆ. ಎಲ್ಲಿಗೆ ಹೋಗಬೇಕು ಮನುಷ್ಯ?

“ದೋಷಾನ ಇರಬೇಕ್ರಿ ಮೇಡಂ. ಬಾವಿ ಗಾಳಿಗೆ ಅದರ ಮೂಗಿಗೆ ನೆಗಡಿ ಆಗಿರಬೇಕು.”

ತಸ್ನೀಮ್ ನಕ್ಕಳು. ಯಂತ್ರವೇ ಕೆಟ್ಟಿದೆಯೆಂದು ಪರದೆ ಮಡಿಸಿ, ಮನೆಯತ್ತ ನಡೆಯುವಾಗ ಬಾವಿಯಿಂದ ದೂರದ ಸಾಲಿನಿಂದ ಹೊಳೆಹೊಳೆಯುವ ಕಾಯಿಗಳನ್ನೇ ಆರಿಸಿ ಕಿತ್ತು, ಯಮನೂರಪ್ಪನ ಹೆಂಡತಿ ಸಾವಂತ್ರವ್ವನ ಮುಂದೆ ಸುರಿದಳು. “ಇವನ್ನೇ ಎಣ್ಣೆಗಾಯಿ ಮಾಡಿಬಿಡಿ, ಅಮ್ಮ.”

ಸಾವಂತ್ರವ್ವ ಗಂಡನ ಮುಖ ನೋಡಿದಳು. ಬೇಡವೆಂದರೆ ಯಾಕೆಂದು ಹೇಳಬೇಕು. ಅವನು ನೆಲ ನೋಡಿದ.

ಊಟಕ್ಕೆ ಅತಿಥಿಯ ಪಕ್ಕದಲ್ಲೇ ಬಸುರಿ ಮಗಳು ಮಲ್ಲವ್ವ ಕೂತಳು. ಎಣ್ಣೆಗಾಯಿಯೆಂದರೆ ಅವಳಿಗೆ ಬಯಕೆ. ರೊಟ್ಟಿ ಮುರಿದು ಬಾಯಿಗೊಯ್ಯುವಷ್ಟರಲ್ಲಿ ಯಮನೂರಪ್ಪನ ಕೈ ತಾನಾಗಿ ಮುಂದೆ ಹೋಗಿ ತಾಟನ್ನು ಎಳೆದುಕೊಂಡಿತು.

“ಬ್ಯಾಡವ್ವಾ. ಬದನಿಕಾಯಿ ಬಸುರಿಗೆ ನಂಜು.”

“ಭಾರಿ ವೈದ್ಯ ಆಗೀಯಲ್ಲಪ್ಪಾ! ನಿನ್ನೆ ಬಾವಿ ಕಡೆ ಗಿಡದ ಕಾಯಿ ನೀನ ಹರಕೊಂಡು ಬಂದು ತಿನ್ನಿಸಿದಿ. ಒಂದ ರಾತ್ರ್ಯಾಗ ನಂಜಾತೇನು?”

ತಸ್ನೀಮಳ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವಳ ತಾಟೂ ಅಷ್ಟೇ ಹತ್ತಿರದಲ್ಲಿತ್ತು. ಅದರತ್ತ ಅವನ ಕೈ ಹೋಗಿರಲಿಲ್ಲ.

“ಯಂತ್ರಕ್ಕೆ ನೆಗಡಿ ಆಗಿಲ್ಲ, ಅಲ್ವಾ?”

“ಇಲ್ರಿ. ಊರಾಗ ಎಲ್ಲಾರೂ ಮನಿಗಂತ ಬಾವಿ ಕಡೆ ಔಷಧ ಇಲ್ಲದ ನಾಕ ಗಿಡ ಬ್ಯಾರೆ ಬೆಳಿತೀವ್ರಿ.”

“ನಾನಿದನ್ನು ಮುಚ್ಚಿಡೋಕಾಗಲ್ಲ.”

“ಗೊತ್ತೈತ್ರಿ. ಒಂದ ಮಾತು ಹೇಳ್ರಿ. ಆ ಸಾಲಿನಾಗ ಹುಳದ ತೂತಿನ ಕಾಯೂ ಇದ್ವು. ನೀವ್ಯಾಕ ಅವನ್ನ ಬಿಟ್ಟು ಬಂದ್ರಿ?”

ಅವಳು ತುತ್ತನ್ನು ತಾಟಿನಲ್ಲಿಟ್ಟಳು.

ಹೊರಗೆ ಎಲೆಮೂಗು ಮುಂದಿನ ಊರಿಗೆ ಹಾರಿತು. ಅದೇ ಹೊತ್ತಿಗೆ ಪೇಟೆಯಲ್ಲಿ ಎಷ್ಟೋ ಬಸುರಿಯರು ಇಂಥದೇ ಹೊಳೆಯುವ ಬದನೆಯ ಊಟಕ್ಕೆ ಕೂತಿದ್ದರು. ಅವರ ತಾಟು ಎಳೆದುಕೊಳ್ಳಲು ಅಲ್ಲಿ ಯಾವ ಕೈಯೂ ಇರಲಿಲ್ಲ.