ಸುಗತನ ತಮಟೆ

“ಸಂಜೀವಾ... ಲೋ ಸಂಜೀವಾ, ಮನೇಲಿದೀಯೇನೋ?”

ಬೀದಿಯಿಂದ ಆ ದನಿ ಬಂದದ್ದೇ ತಡ, ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಈಶ್ವರಮ್ಮನ ಕೈ ನಿಂತುಹೋಯಿತು. ಸಿದ್ದಾಪುರದ ಆ ಗಲ್ಲಿಯಲ್ಲಿ ಅವಳ ಗಂಡನನ್ನು ಹೀಗೆ ಏಕವಚನದಲ್ಲಿ ಕೂಗುವವರು ಯಾರೂ ಉಳಿದಿರಲಿಲ್ಲ. ಸರಕಾರಿ ಕಚೇರಿಯ ಗುಮಾಸ್ತ, ಬೌದ್ಧ ಸಂಘದ ಹಿರಿಯ. ಅಕ್ಕಪಕ್ಕದವರಿಗೆಲ್ಲ ಅವರು ಸಂಜೀವಯ್ಯನೋರು. ಹೀಗೆ ಕೂಗುವ ಧೈರ್ಯವಿದ್ದವನು ಒಬ್ಬನೇ, ಪಟೇಲರ ಮನೆಯ ಬೈರಣ್ಣ. ಅವನ ಹೊಲಗದ್ದೆಗಳೆಲ್ಲ ಜಯನಗರದ ಬ್ಲಾಕುಗಳಾಗಿ ಹೋಗಿದ್ದವು, ಅವನೂ ಐದಾರು ಮನೆಗಳ ಮಾಲೀಕನಾಗಿ ಕೂತಿದ್ದ. ನಾಲಗೆ ಮಾತ್ರ ಇನ್ನೂ ಹಳೇ ಊರಿನಲ್ಲೇ ಇತ್ತು.

ಸಂಜೀವಯ್ಯ ಅಂಗಿ ತೊಟ್ಟು ಹೊರಗೆ ಬಂದರು. ಕುರ್ಚಿ ತಂದಿಟ್ಟರು. ಬೈರಣ್ಣ ಕೂರಲಿಲ್ಲ, ಹೊಸಲಿನ ಹತ್ತಿರಕ್ಕೂ ಬರಲಿಲ್ಲ. ಅತ್ತು ಅತ್ತು ಅವನ ಕಣ್ಣುಗಳು ಕೆಂಪಗಾಗಿದ್ದವು.

“ನಮ್ಮವ್ವ ಬೆಳಗಿನ ಜಾವ ಹೋಗ್ಬಿಟ್ಳು ಕಣೋ.”

“ಅಯ್ಯೋ... ಲಕ್ಷ್ಮಮ್ಮನೋರು ಒಳ್ಳೇವ್ರು. ಮಣ್ಣಿಗೆ ಬರ್ತೀನಿ ಬೈರಣ್ಣೋರೆ.”

“ನೀನ್ ಬಂದ್ರೆ ಸಾಲ್ದು. ನಿಮ್ಮಣ್ಣ ಪಾಪಯ್ಯಂಗೆ ಕೈ ಬಿದ್ದೋಗದೆ. ಆ ಹಳೇ ವರಸೆ ಬಾರಿಸೋರು ಇನ್ಯಾರವ್ರೆ? ನಿನ್ ಮಗನ್ನ ಕಳ್ಸು. ತಮಟೆ ಇಲ್ದೆ ನಮ್ಮವ್ವನ್ನ ಹೆಂಗೆ ಸಾಗಿಸ್ಲಿ?”

ಸಂಜೀವಯ್ಯನವರಿಗೆ ಅರ್ಥವೇ ಆಗಲಿಲ್ಲ. “ನಮ್ಮ ಸುಗತನ್ನಾ? ಅವ್ನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದ್ತಿದಾನೆ. ತಮಟೆಗೂ ಅವನಿಗೂ ಏನ್ ಸಂಬಂಧ?”

“ಹೋದ ಭಾನ್ವಾರ ಜಯನಗರದ ಹಾಲ್‌ನಲ್ಲಿ ನಾನೇ ಕಂಡೆ ಕಣಪ್ಪ! ಗಿಟಾರಿನೋನು, ಪಿಟೀಲಿನ ಹುಡ್ಗಿ, ಮಧ್ಯದಲ್ಲಿ ನಿನ್ ಮಗ. ಏನ್ ಕೈ ಅಂತೀಯ! ಊರಿಗೆಲ್ಲಾ ಬಾರಿಸೋನು ನಮ್ಮನೆಗೆ ಬಾರಿಸಿದ್ರೆ ತಪ್ಪೇನೋ?”

ಬೈರಣ್ಣ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದೇ ಇನ್ನೂ ಕಷ್ಟ. ಮರ್ಯಾದೆ ಕೊಡುತ್ತಿದ್ದೇನೆ ಅಂತಲೇ ಅವನು ತಿಳಿದಿದ್ದ. ಸಂಜೀವಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು, “ಅವ್ನು ಬರಲ್ಲ. ನೀವಿನ್ನು ಹೊರಡಿ” ಎಂದಷ್ಟೇ ಹೇಳಿದರು. ಒಳಗೆ ಒಲೆಯ ಮೇಲೆ ಮುದ್ದೆ ತಳ ಹಿಡಿಯುತ್ತಿತ್ತು. ಈಶ್ವರಮ್ಮನಿಗೆ ಅದರ ವಾಸನೆಯೂ ತಿಳಿಯಲಿಲ್ಲ. ಯಾಕೆಂದರೆ ಅವಳಿಗೆ ಎಲ್ಲಾ ಗೊತ್ತಿತ್ತು!

ಆ ಮನೆಯಲ್ಲಿ ತಮಟೆಯ ಹೆಸರೆತ್ತುವಂತಿರಲಿಲ್ಲ. ಅದು ಸಂಜೀವಯ್ಯನವರ ಮನೆತನಕ್ಕೆ ಊರು ಕಟ್ಟಿದ್ದ ಕೆಲಸ. ಯಾರೇ ಸಾಯಲಿ, ಕರೆಯುವುದೂ ಬೇಕಿಲ್ಲ, ಸುದ್ದಿ ಕಿವಿಗೆ ಬಿದ್ದರೆ ಹೋಗಿ ನಿಲ್ಲಬೇಕು. ಬೈರಣ್ಣನ ತಾತ ಸತ್ತ ದಿನ ಸಂಜೀವಯ್ಯನವರ ಅಪ್ಪ ಸುಡುವ ಜ್ವರದಲ್ಲೇ ಹೆಣದ ಮುಂದೆ ಬಾರಿಸುತ್ತ ನಡೆದು, ದಾರಿಯಲ್ಲೇ ಕುಸಿದುಬಿದ್ದರು. ಒಬ್ಬರೂ ಮುಟ್ಟಿ ಎತ್ತಲಿಲ್ಲ. ಬಾಯಿಗೆ ಒಂದು ಗುಟುಕು ನೀರು ಬಿಡಲಿಲ್ಲ! ಹೆಣ ಮುಂದಕ್ಕೆ ಹೋಯಿತು, ಜೀವ ಇದ್ದವರು ಹಿಂದುಳಿದರು. ಮೀಸೆ ಮೂಡದ ಸಂಜೀವಯ್ಯ ಅಪ್ಪನನ್ನು ಹೊತ್ತು ಮನೆಗೆ ತಂದರು. ಅಪ್ಪ ಕಣ್ಣು ಮುಚ್ಚಿದ ಮೇಲೆ ಮನೆಯಲ್ಲಿದ್ದ ತಮಟೆಗಳನ್ನೆಲ್ಲ ಅಂಗಳದಲ್ಲಿ ಸುಟ್ಟರು. ಮುಂದೆ ಓದಿ ಕೆಲಸ ಹಿಡಿದರು, ಬೌದ್ಧ ದೀಕ್ಷೆ ತೆಗೆದುಕೊಂಡರು, ಹುಟ್ಟಿದ ಮಗನಿಗೆ ಸುಗತ ಎಂದು ಹೆಸರಿಟ್ಟರು. ಅಣ್ಣ ಪಾಪಯ್ಯ ಮಾತ್ರ ಹೊಟ್ಟೆಪಾಡು ಎಂದು ತಮಟೆ ಬಿಡಲಿಲ್ಲ. ಅವನು ಮಡಿವಾಳಕ್ಕೆ ಹೋಗಿ ನೆಲೆಸಿದ ಮೇಲೆ ಅಣ್ಣತಮ್ಮಂದಿರಿಗೆ ಮಾತೇ ಇರಲಿಲ್ಲ.

ಹುಷಾರಿಲ್ಲದ ದೊಡ್ಡಪ್ಪನನ್ನು ನೋಡಿ ಬರಲು ಮಗನನ್ನು ಗುಟ್ಟಾಗಿ ಕಳಿಸಿದವಳು ಈಶ್ವರಮ್ಮನೇ. ಅವನು ಅಲ್ಲಿ ತಮಟೆ ಹಿಡಿಯುತ್ತಾನೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಗೊತ್ತಾದ ಮೇಲೂ ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತಾ ಬಂದಳು.

ಬುದ್ಧಪೂರ್ಣಿಮೆಯ ದಿನ ಪಾಯಸದ ಡಬ್ಬಿ ಹಿಡಿದು ಅವಳು ಮಗನ ಜೊತೆ ನುಡಿಸುತ್ತಿದ್ದ ಜಯನಗರದ ಸತ್ಯಭಾಮಾ ಮನೆಗೆ ಹೋಗಿದ್ದಳು. ಸತ್ಯಭಾಮಾ ಗುರುಗಳ ಹತ್ತಿರ ಕ್ರಮವಾಗಿ ಪಿಟೀಲು ಕಲಿತವಳು. ಇನ್ನೊಬ್ಬ ಗೆಳೆಯ ಡೆಸ್ಮಂಡ್, ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದವನು, ಅಮೆರಿಕದ ರೆಕಾರ್ಡುಗಳನ್ನು ಕೇಳಿ ಕೇಳಿ ಕೈ ಪಳಗಿಸಿಕೊಂಡವನು. ಸುಗತನೂ ಸೇರಿದಂತೆ ಈ ಮೂವರೂ ಆ ಮನೆಯ ತಾರಸಿ ಮೇಲೆ ಕೂತು ಅದೇನೇನೋ ಬೆರೆಸುತ್ತಿದ್ದರು. ಈಶ್ವರಮ್ಮ ಮೆಟ್ಟಿಲು ಹತ್ತುತ್ತಿದ್ದವಳು ಅಲ್ಲೇ ನಿಂತಳು. ಪಿಟೀಲಿನಲ್ಲಿ ಬರುತ್ತಿದ್ದದ್ದು ಅವಳದೇ ಹಾಡು! ವಸಂತಪುರದ ತೌರಿನಲ್ಲಿ ನಾಟಿ ಹಾಕುವಾಗ ಹೇಳುತ್ತಿದ್ದದ್ದು, ಸುಗತನನ್ನು ಮಲಗಿಸುವಾಗಲೂ ಗುನುಗಿದ್ದು. ಅದರ ಕೆಳಗೆ ಗಿಟಾರ್. ಇವೆರಡರ ನಡುವೆ ಮಗನ ತಮಟೆ. ಎಡಗೈಯ ಸಣ್ಣ ಬಿದಿರುಕಡ್ಡಿ ಪಿಸುಗುಟ್ಟುತ್ತಿತ್ತು, ಬಲಗೈಯ ಕೋಲು ಅದಕ್ಕೆ ಉತ್ತರ ಕೊಡುತ್ತಿತ್ತು. ಸಾವಿನ ಮನೆಯ ಸದ್ದಲ್ಲ ಅದು. ಕೆಸರಲ್ಲಿ ಕಾಲೂರಿ ನಿಂತ ಹೆಂಗಸರು, ಅವರ ನಗು, ಬೆನ್ನುನೋವು, ಎಲ್ಲಾ ಅದರಲ್ಲಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ. ಪಾಯಸದ ಡಬ್ಬಿಯನ್ನು ಎದೆಗವಚಿಕೊಂಡು ಆ ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಅಂಥ ಕೈಯನ್ನು ಹುಡುಕಿಕೊಂಡು ಇವತ್ತು ಮನೆ ಬಾಗಿಲಿಗೆ ಸಾವಿನ ಕರೆ ಬಂದಿತ್ತು.

ಸುಗತ ಮಧ್ಯಾಹ್ನ ಸಿಳ್ಳೆ ಹಾಕಿಕೊಂಡು ಬಂದ. ಮುಂದಿನ ವಾರ ಬೊಂಬಾಯಿಯ ಒಂದು ಸಂಗೀತೋತ್ಸವಕ್ಕೆ ಮೂವರಿಗೂ ಕರೆ ಬಂದಿತ್ತು, ಆ ಖುಷಿ ಅವನ ಮುಖದಲ್ಲಿತ್ತು. ಅಪ್ಪನ ಮುಖ ನೋಡಿ ಸಿಳ್ಳೆ ನಿಲ್ಲಿಸಿದ.

“ಬೈರಣ್ಣ ಬಂದಿದ್ದ. ಅವನು ಹೇಳಿದ್ದು ನಿಜವೇನೋ?”

ಸುಗತ ಸುಳ್ಳು ಹೇಳಲಿಲ್ಲ. “ನಿಜ ಅಪ್ಪ. ದೊಡ್ಡಪ್ಪನ ಹತ್ರ ಕಲಿತೆ. ಆದ್ರೆ ನಾನು ಯಾರ ಹೆಣದ ಮುಂದೇನೂ ಬಾರಿಸಿಲ್ಲ, ಬಾರಿಸೋದೂ ಇಲ್ಲ. ಜನ ಟಿಕೆಟ್ ತಗೊಂಡು ಬಂದು ಕೂತ್ಕೊಂಡು ಕೇಳ್ತಾರಪ್ಪ! ಡೆಸ್ಮಂಡ್ ಗಿಟಾರ್ ಹೇಗೋ, ಸತ್ಯಭಾಮಾ ಪಿಟೀಲು ಹೇಗೋ, ನನ್ನ ತಮಟೇನೂ ಹಾಗೇ. ಮೂರೂ ಒಂದೇ ಜಮಖಾನದ ಮೇಲೆ.”

“ಒಂದೇ ಜಮಖಾನ!” ಸಂಜೀವಯ್ಯನವರ ದನಿ ಏರಲಿಲ್ಲ. “ಡೆಸ್ಮಂಡ್ ಮನೆ ಮುಂದೆ ಯಾರಾದ್ರೂ ಬಂದು, ನಮ್ಮವ್ವ ಸತ್ತಿದಾಳೆ, ಗಿಟಾರ್ ನುಡಿಸೋಕೆ ಬಾ ಅಂತ ಕರೆದಿದಾರೇನೋ? ಆ ಹುಡುಗಿ ಮನೆ ಮುಂದೆ ನಿಂತು ಕರೆದಿದಾರಾ? ನಮ್ಮನೆ ಮುಂದೆ ಬಂದ್ರಲ್ಲೋ ಮಗನೇ... ಯಾಕ್ ಬಂದ್ರು? ಹೇಳು!”

ಸುಗತ ಗೋಡೆಯ ಮೇಲಿದ್ದ ಬಾಬಾಸಾಹೇಬರ ಪಟದ ಕಡೆ ನೋಡಿದ, ನೆಲ ನೋಡಿದ.

“ನಿಂಗೆ ಗೊತ್ತಿತ್ತಾ?” ಸಂಜೀವಯ್ಯ ಹೆಂಡತಿಯ ಕಡೆ ತಿರುಗಿದರು.

ಈಶ್ವರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಇಪ್ಪತ್ತೈದು ವರ್ಷ ಜೊತೆಯಲ್ಲಿ ಬಾಳಿದ ಮನುಷ್ಯ, ಒಂದು ದಿನವೂ ಕೈ ಎತ್ತದ ಮನುಷ್ಯ, ಪೆಟ್ಟು ತಿಂದವರಂತೆ ಕುಕ್ಕರಿಸಿದರು.

“ಹಂಗಾದ್ರೆ ನೀನೇ ಹೇಳು ಅವನಿಗೆ. ನಾನ್ ಹೇಳಿದ್ರೆ ಮುದುಕನ ಹಠ ಅಂತಾನೆ. ನಮ್ಮಪ್ಪ ಆ ದಾರೀಲಿ ಹೆಂಗೆ ಬಿದ್ದಿದ್ರು ಅಂತ ನಿಂಗೆ ಹೇಳಿದೀನಲ್ಲ ಈಶ್ವರೀ... ನೀನೇ ಹೇಳು.”

“ಹೌದವ್ವ, ನೀನೇ ಹೇಳು,” ಸುಗತ ಅವಳ ಮುಂದೆ ಮೊಣಕಾಲೂರಿ ಕೂತ. “ಅಪ್ಪ ಒಂದ್ ಸಲಾನೂ ಕೇಳಿಲ್ಲ. ನೀನು ಕೇಳಿದೀಯ. ಹೋಗು ಅಂದ್ರೆ ಬೊಂಬಾಯಿಗೆ ಹೋಗ್ತೀನಿ. ಬೇಡ ಅಂದ್ರೆ ಇವತ್ತಿಂದ ಮುಟ್ಟಲ್ಲ. ನಿನ್ನಾಣೆ!”

ಅತ್ತ ದರಿ, ಇತ್ತ ಪುಲಿ! ಹುಟ್ಟಿದಂದಿನಿಂದ ಈಶ್ವರಮ್ಮನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಮದುವೆಗೆ ಕೇಳಲಿಲ್ಲ. ಗಂಡ ದೀಕ್ಷೆಗೆ ನಿಂತಾಗ ಪಕ್ಕದಲ್ಲಿ ಅವಳೂ ನಿಂತಳು. ಮಗನಿಗೆ ಹೆಸರಿಡುವಾಗಲೂ ಕೇಳಲಿಲ್ಲ. ಈಗ ಇಬ್ಬರೂ ಒಟ್ಟಿಗೆ ಕೇಳುತ್ತಿದ್ದಾರೆ, ಅದೂ ಇಂಥದ್ದನ್ನು! ಇವರು ಹೇಳುವುದೂ ನಿಜ, ಅವನು ಹೇಳುವುದೂ ನಿಜ. ಎರಡು ನಿಜಗಳ ನಡುವೆ ಒಬ್ಬ ಹೆಂಗಸು ಏನು ತಾನೇ ಮಾಡಬಲ್ಲಳು? ಅವಳು ಗಂಡನ ಕೈ ನೋಡಿದಳು, ಅದು ಅಂಗಿಯ ತುದಿಯನ್ನು ಹಿಂಡುತ್ತಿತ್ತು. ಮಗನ ಕಡೆ ನೋಡಿದಳು. ಅವನದು ಎಳೆ ವಯಸ್ಸು, ಓದಿದ ಹುಡುಗ, ಇದಲ್ಲದಿದ್ದರೆ ಇನ್ನೊಂದು ಸಿಕ್ಕೀತು ಅವನಿಗೆ. ಈ ಮನುಷ್ಯ ಮಾತ್ರ ಮುರಿದರೆ ಮತ್ತೆ ಏಳುವುದಿಲ್ಲ. ಹಾಗಂತ ಅವಳು ಲೆಕ್ಕ ಹಾಕಿದಳು.

“ಬೇಡ ಕಣಪ್ಪ... ಬೇಡ.”

ಸುಗತ “ಆಯ್ತವ್ವ” ಎಂದ. ಎದ್ದು ಕೈತೊಳೆದು ಬಂದು, ತಣ್ಣಗಾಗಿದ್ದ ಸೀದ ಮುದ್ದೆಯನ್ನು ಒಂದು ತುತ್ತೂ ಬಿಡದೆ ಉಂಡ. ಅವನು ಕೂಗಾಡಿದ್ದರೆ, ಬಾಗಿಲು ಬಡಿದು ಹೋಗಿದ್ದರೆ ಈಶ್ವರಮ್ಮನ ಎದೆ ಅಷ್ಟು ಭಾರವಾಗುತ್ತಿರಲಿಲ್ಲವೇನೋ!

ಎರಡು ದಿನದ ಮೇಲೆ ಸತ್ಯಭಾಮಾ ಓಡಿಬಂದಳು. ಪಾಪದ ಹುಡುಗಿ, ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. “ಆಂಟಿ, ಅವನಿಲ್ಲದೆ ನಮ್ಮಿಬ್ಬರ ಸಂಗೀತಕ್ಕೆ ಏನರ್ಥ? ನಾನು ಎಂಥೆಂಥ ಕಛೇರಿಗಳನ್ನ ಕೇಳಿದೀನಿ, ಅವನ ಹಾಗೆ ನುಡಿಸೋರನ್ನ ನೋಡಿಲ್ಲ. ನೀವು ಒಂದು ಮಾತು ಹೇಳಿದ್ರೆ ಸಾಕು ಆಂಟಿ, ಅವನು ಕೇಳ್ತಾನೆ.”

“ಈ ಮನೇಲಿ ನನ್ ಮಾತು ಎಲ್ಲಿ ನಡೀತದಮ್ಮ...” ಎಂದಳು ಈಶ್ವರಮ್ಮ. ಹುಡುಗಿಗೆ ಕಾಫಿ ಕೊಟ್ಟು ಕಳಿಸಿದಳು. ಜೀವಮಾನದಲ್ಲಿ ನಡೆದ ಒಂದೇ ಒಂದು ಮಾತು ಯಾವುದೆಂದು ಅವಳಿಗೆ ಹೇಗೆ ಹೇಳುವುದು!

ಬೊಂಬಾಯಿಗೆ ಯಾರೂ ಹೋಗಲಿಲ್ಲ. ಮಾರನೇ ವರ್ಷ ಸತ್ಯಭಾಮಾ ಮದುವೆಯಾಗಿ ಪುಣೆಗೆ ಹೋದಳು. ಡೆಸ್ಮಂಡ್ ಅಕ್ಕನ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟುಹೋದ. ಸುಗತನಿಗೆ ಜೆ.ಪಿ. ನಗರದ ಬ್ಯಾಂಕೊಂದರಲ್ಲಿ ಕೆಲಸವಾಯಿತು. ಸಂಘದವರೇ ನೋಡಿದ ಕಾತ್ಯಾಯಿನಿ ಸೊಸೆಯಾಗಿ ಬಂದಳು, ಬಂಗಾರದಂಥ ಹುಡುಗಿ. ಅಪ್ಪನ ಮೇಲೆ ಸುಗತ ಸಿಟ್ಟು ತೋರಿಸಲಿಲ್ಲ, ಅವ್ವನ ಮೇಲಂತೂ ಇಲ್ಲವೇ ಇಲ್ಲ. ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ, ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಸಿಳ್ಳೆ ಹಾಕುವುದನ್ನು ಮಾತ್ರ ಬಿಟ್ಟಿದ್ದ. ಈಶ್ವರಮ್ಮ ಕೆಲವು ಸಲ ಬೇಕೆಂದೇ ಅಡುಗೆಮನೆಯಲ್ಲಿ ನಾಟಿಹಾಡು ಗುನುಗುವಳು. ಸುಗತ ಮೆಲ್ಲಗೆ ಎದ್ದು, “ಹಾಲು ತರ್ತೀನವ್ವ” ಎಂದು ಚಪ್ಪಲಿ ಮೆಟ್ಟುತ್ತಿದ್ದ. ಮನೆಯಲ್ಲಿ ಹಾಲು ಇರುತ್ತಿತ್ತು.

ಎಂಬತ್ತೇಳರ ಏಪ್ರಿಲ್. ಬಾಬಾಸಾಹೇಬರ ಜಯಂತಿಯ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಮೈದಾನದ ವೇದಿಕೆಗೆಂದು ಹೋದ ಸಂಜೀವಯ್ಯ, ಗಂಟೆ ಕಳೆಯುವುದರೊಳಗೆ ಏದುಸಿರು ಬಿಡುತ್ತ ವಾಪಸು ಬಂದರು. ಈಶ್ವರಮ್ಮ ಹೆದರಿಹೋದಳು. ನೋಡಿದರೆ ಆ ಮುಖ ಅರಳಿತ್ತು, ಕಣ್ಣಲ್ಲಿ ನೀರಿತ್ತು!

“ಈಶ್ವರೀ, ನಮ್ಮ ಹುಡುಗ್ರು... ನಮ್ಮ ಸಂಘದ ಹುಡುಗ್ರು ಕಣೇ! ಲಾ ಓದೋರು, ಇಂಜಿನಿಯರಿಂಗ್ ಓದೋರು! ಹೆಗಲಿಗೆ ತಮಟೆ ಹಾಕ್ಕೊಂಡು ಮೆರವಣಿಗೆ ಮುಂದೆ ಬಾರಿಸ್ತಾ ಇದಾರೆ! ಯಾಕ್ರೋ ಇದು ಅಂದ್ರೆ, ‘ಅಯ್ಯಾ, ಸಾವಿಗೆ ಬಾರಿಸಿದ್ದು ಸಾಕು, ಇನ್ ಮೇಲೆ ನಮಗೋಸ್ಕರ ಬಾರಿಸ್ತೀವಿ’ ಅಂದ್ರು. ಬೈರಣ್ಣ ಎದುರಿಗೆ ಬಂದ ಕಣೇ... ಪಕ್ಕಕ್ಕೆ ಸರಿದು ದಾರಿ ಬಿಟ್ಟ!”

ಒಳಗಿಂದ ಬಂದ ಮಗನ ಎರಡೂ ಕೈ ಹಿಡಿದುಕೊಂಡು ಆ ಹಿರಿಯರು ಮಗುವಿನ ಹಾಗೆ ಅತ್ತರು. “ನಾನು ಸುಟ್ಟಿದ್ದು ತಪ್ಪಲ್ಲ ಮಗನೇ. ನಿಂಗೆ ಬೇಡ ಅಂದಿದ್ದು ತಪ್ಪು. ಬಾ... ಒಂದ್ಸಲ ಬಾರಿಸು. ನಾನು ಕೇಳ್ಬೇಕು.”

“ಬೇಡಪ್ಪ... ಬಿಟ್ಟು ಎಷ್ಟೋ ದಿನ ಆಯ್ತು...” ಸುಗತ ಹಿಂಜರಿದ. ಅವ್ವನ ಕಡೆ ನೋಡಿದ.

“ಹೋಗಪ್ಪ,” ಎಂದಳು ಈಶ್ವರಮ್ಮ. ಆರು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತು ಅದು. “ಬಾರಿಸು ನನ್ನಪ್ಪ, ಹೋಗು!” ಕಾತ್ಯಾಯಿನಿಯ ಕೈ ಹಿಡಿದು ತಾನೂ ಹಿಂದೆಯೇ ನಡೆದಳು. ದೇವರೇ, ಬುದ್ಧನೇ, ಯಾರಾದರೂ ಸರಿ, ತಾನು ಕಸಿದದ್ದು ಮಗನಿಗೆ ಇವತ್ತು ವಾಪಸು ಸಿಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಮೈದಾನದ ಮೂಲೆಯಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಒಬ್ಬ ತನ್ನದನ್ನು ಬಿಚ್ಚಿ ಸುಗತನ ಹೆಗಲಿಗೆ ಹಾಕಿದ. ಸುಗತ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದ, ಬೆಂಕಿಗೆ ಇನ್ನೊಮ್ಮೆ ಹಿಡಿದ, ಕೋಲು ಎತ್ತಿದ. ಈಶ್ವರಮ್ಮ ಸೊಸೆಯ ಕೈ ಬಿಗಿಹಿಡಿದಳು.

ಶುರುವಾಯಿತು. ಮೆರವಣಿಗೆಯ ಹೆಜ್ಜೆ, ಎಲ್ಲರೂ ಬಾರಿಸುವಂಥದ್ದೇ. ಕೈ ಕಾಯಲಿ, ಈಗ ಬರುತ್ತದೆ, ಎಡಗೈ ಈಗ ಪಿಸುಗುಟ್ಟುತ್ತದೆ ಎಂದು ಅವಳು ಕಾದಳು. ಒಂದು ಸಲ ಸುಗತ ಕಣ್ಣು ಮುಚ್ಚಿ ಅದನ್ನು ಹುಡುಕಿಕೊಂಡು ಹೊರಟ. ಬಿದಿರುಕಡ್ಡಿ ಎಡವಿತು. ಮತ್ತೆ ಪ್ರಯತ್ನಿಸಿದ, ಮತ್ತೆ ಎಡವಿತು. ಪಕ್ಕದವರಿಗೆ ತಿಳಿಯುವ ಮೊದಲೇ ಅವನು ಆ ಸಾದಾ ಹೆಜ್ಜೆಗೆ ಮರಳಿ, ಎಲ್ಲರೊಳಗೆ ಒಬ್ಬನಾಗಿ ಬಾರಿಸತೊಡಗಿದ. ಅವನ ಹಣೆಯಲ್ಲಿ ಬೆವರಿತ್ತು. ಕಣ್ಣು ತೆರೆದು ನೇರವಾಗಿ ಅವ್ವನನ್ನೇ ನೋಡಿ ಸಣ್ಣಗೆ ನಕ್ಕ... ಎಡಗೈಯ ಆ ಪಿಸುಮಾತು ಹೋಗಿತ್ತು. ಅವನಿಗೆ ಗೊತ್ತಾಗಿತ್ತು, ಅವಳಿಗೂ ಗೊತ್ತಾಗಿತ್ತು. ಹೋದದ್ದು ಏನೆಂದು ಬಲ್ಲವರು ಆ ಇಡೀ ಮೈದಾನದಲ್ಲಿ ಇನ್ನಾರೂ ಇರಲಿಲ್ಲ.

ಸಂಜೀವಯ್ಯ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದರು. “ನನ್ ಮಗ ಕಣ್ರೋ! ನೋಡ್ರೋ, ನನ್ ಮಗ!” ಅವರ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಮೊದಲ ಸಲ ಕೇಳುತ್ತಿದ್ದವರಿಗೆ ಅದೇ ಅಮೃತ.

ಬಿಸಿಲೇರಿದ ಮೇಲೆ ಮನೆಗೆ ಬರುವಾಗ ಅವರು ಹೆಂಡತಿಯ ಭುಜದ ಮೇಲೆ ಕೈಯಿಟ್ಟುಕೊಂಡು ನಡೆದರು. ಬೀದಿಯಲ್ಲಿ ಹಾಗೆ ನಡೆದದ್ದು ಅದೇ ಮೊದಲು.

“ಎಷ್ಟ್ ಚೆನ್ನಾಗಿ ಬಾರಿಸ್ದ ಅಲ್ವೇನೇ? ಇಷ್ಟು ವರ್ಷ ಬಿಟ್ಟಿದ್ರೂ ಕೈ ಮರ್ತಿಲ್ಲ ನೋಡು! ನೀನು ಮುಂಚೆ ಕೇಳಿದ್ಯಲ್ಲ, ಹಿಂಗೇ ಇತ್ತಾ?”

ಈಶ್ವರಮ್ಮ ಸೆರಗಿನಿಂದ ಗಂಡನ ಕೆನ್ನೆ ಒರೆಸಿದಳು.

“ಹೂಂ... ಹಿಂಗೇ ಇತ್ತು,” ಎಂದಳು.