ಸ್ಟೂಲು ಹೊಲಿದ ಕಳ್ಳ

2024ರ ನವೆಂಬರ್ 18, ಸೋಮವಾರ ಬೆಳಿಗ್ಗೆ 10.15ಕ್ಕೆ ಬಳ್ಳಾರಿ ನಗರದ ಇತಿಹಾಸದಲ್ಲಿ ದಾಖಲಾಗಲೇಬೇಕಾದ ಘಟನೆಯೊಂದು ಠಾಣೆಯ ಮೆಟ್ಟಿಲೇರಿತು. ಶನಿವಾರ ಅಂಗಡಿಯೊಂದರಿಂದ ಮದುವೆಯ ಡಿವಿಡಿಯೊಂದು ಕಳವಾಗಿತ್ತು. ಅದರ ಬೆಲೆ ಹದಿನೈದು ರೂಪಾಯಿ. ಜೊತೆಗೆ ಅದನ್ನು ಇಳಿಸಿಟ್ಟಿದ್ದ ಆರು ಸಾವಿರದ ಹಾರ್ಡ್ ಡಿಸ್ಕೂ ಹೋಗಿರದಿದ್ದರೆ ಪ್ರಕರಣಕ್ಕೆ ಎಫ್‌ಐಆರ್ ಆಗುವ ಯೋಗ್ಯತೆಯೇ ಬರುತ್ತಿರಲಿಲ್ಲ.

ದೂರುದಾರ ವೀರೇಶ, ವಯಸ್ಸು 34. ಹಳೆಯ ಸಿನಿಮಾ, ಮದುವೆಗಳ ಡಿಸ್ಕುಗಳನ್ನು ಪೆನ್‌ಡ್ರೈವಿಗೆ ಇಳಿಸುವುದು ಅವನ ಕಸುಬು. ಕೇಳಿದವರಿಗೆ ಅದರಲ್ಲಿನ ಮಾತನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡಿ ಸಬ್‌ಟೈಟಲ್ ಕೂಡಿಸಿಕೊಡುತ್ತಿದ್ದ.

11.30ಕ್ಕೆ ಇನ್‌ಸ್ಪೆಕ್ಟರ್ ದಾಕ್ಷಾಯಣಿ, ಕಾನ್‌ಸ್ಟೆಬಲ್ ಹುಲುಗೇಶನೊಂದಿಗೆ ಅಂಗಡಿಗೆ ಹೋದರು. ಬೀಗ ಮುರಿದಿರಲಿಲ್ಲ. ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಕಳ್ಳ ಮುಟ್ಟಿರಲಿಲ್ಲ.

“ಶನಿವಾರ ಅಂಗಡಿ ಬಿಟ್ಟು ಎಲ್ಲಿಗೆ ಹೋಗಿದ್ದಿ?”

“ಒಗ್ಗರಣಿ ಮಿರ್ಚಿ ತಿನ್ನಾಕ ರೀ ಮೇಡಂ. ಹತ್ತು ನಿಮಿಷ.”

“ಒಳಗ ಯಾರಿದ್ರು?”

“ಒಬ್ರು ಹಿರಿಯರು ಕುಂತಿದ್ರು. ನೋಡಾಕ ಕಳ್ಳರಂಗ ಇರಲಿಲ್ರಿ.”

“ಕಳ್ಳರು ಎದಿ ಮ್ಯಾಲೆ ಬೋರ್ಡ್ ಹಾಕ್ಕೊಂಡು ಬರ್ತಾರೇನಲೇ?” ಎಂದ ಹುಲುಗೇಶ, ಪಂಚನಾಮೆ ಬರೆಯಲು ಸ್ಟೂಲಿನ ಮೇಲೆ ಕುಳಿತ.

“ಅಣ್ಣಾ, ಹುಷಾರು! ಅದು ಹರದೈತಿ, ಪ್ಯಾಂಟ್ ಸಿಗತೈತಿ.”

ಹುಲುಗೇಶ ಎದ್ದು ನೋಡಿದ. ರೆಕ್ಸಿನ್ ಹರಿದಿದ್ದ ಜಾಗದಲ್ಲಿ ಕಪ್ಪು ದಾರದ ಒತ್ತಾದ ಹೊಲಿಗೆ. “ಎಲ್ಲೈತಿ ಹರಿದದ್ದು?”

ವೀರೇಶ ಬಗ್ಗಿ ನೋಡಿ ಬೆಪ್ಪಾದ. “ಎರಡು ತಿಂಗಳಿಂದ ಹರಿದಿತ್ರಿ. ಶನಿವಾರ ಬೆಳಿಗ್ಗೀನೂ ಹರಿದಿತ್ತು. ನಾನಂತೂ ಹೊಲಿಸಿಲ್ಲ.”

ಪಂಚನಾಮೆಯ ಏಳನೆಯ ಸಾಲು: ಸ್ಟೂಲು, ಒಂದು. ದುರಸ್ತಿಯಾಗಿದೆ. ದುರಸ್ತಿ ಮಾಡಿದವರು ಪತ್ತೆಯಾಗಿಲ್ಲ.

ಕಳವಾದ ಡಿವಿಡಿ ಸಿರುಗುಪ್ಪದ ಅಂಗನವಾಡಿ ಕಾರ್ಯಕರ್ತೆ ಸುಹಾನಾ ಅವರದು. ಮಧ್ಯಾಹ್ನ 3.10ಕ್ಕೆ ಅವರ ವಿಚಾರಣೆ ನಡೆಯಿತು.

“ಅಮ್ಮಗ ನಾಕು ವರ್ಷದಿಂದ ಕಿವಿ ಕೇಳಂಗಿಲ್ರಿ. ಟಿವಿಯಾಗ ಕೆಳಗ ಅಕ್ಷರ ಬಂದ್ರ ಓದ್ಕೋತ ನೋಡ್ತಾಳ. ನನ್ನ ಮದುವೀನೂ ಹಂಗ ನೋಡ್ಲಿ ಅಂತ ಕೊಟ್ಟಿದ್ದೆ.”

“ಅಂಗಡಿಗೆ ಕೊಟ್ಟದ್ದು ಯಾರಿಗೆ ಗೊತ್ತಿತ್ತು?”

“ಅಬ್ಬಾಗ ಅಷ್ಟ, ನಮ್ಮಪ್ಪಗ.”

“ಏನು ಮಾಡ್ತಾರ ಅವರು?”

“ಕುರುಗೋಡಿನ್ಯಾಗ ಟೇಲರ್ ಅದಾರ್ರಿ.”

ಹುಲುಗೇಶ ಬರೆಯುವುದನ್ನು ನಿಲ್ಲಿಸಿದ. “ಯಾಕ್ರಿ?” ಎಂದು ಸುಹಾನಾ ಕೇಳಿದರು. ದಾಕ್ಷಾಯಣಿ ಕುರುಗೋಡಿನ ವಿಳಾಸ ಕೇಳಿ ಬರೆದುಕೊಂಡರು.

19ರ ಬೆಳಿಗ್ಗೆ 9.40, ಕುರುಗೋಡು. ಮೆಷಿನ್ ತುಳಿಯುತ್ತಿದ್ದ ದಾವಲಸಾಬ್, ವಯಸ್ಸು 63, ಜೀಪು ಕಂಡು ತಾವೇ ಎದ್ದು ನಿಂತರು. ಕಾಲರಿನಲ್ಲಿ ದಾರ ಪೋಣಿಸಿದ ಸೂಜಿ ಇತ್ತು. ಯಾರೂ ಕೇಳುವ ಮೊದಲೇ ಒಳಗಿನಿಂದ ತಮ್ಮ ತಲೆದಿಂಬು ತಂದು, ಹೊಲಿಗೆ ಬಿಚ್ಚಿ, ಹತ್ತಿಯೊಳಗಿಂದ ಡಿವಿಡಿ, ಹಾರ್ಡ್ ಡಿಸ್ಕ್ ತೆಗೆದಿಟ್ಟರು.

“ಇವನ್ನ ಕಾಲುವಿಗೆ ಒಗಿಬಹುದಿತ್ತಲ್ಲ?” ಎಂದರು ದಾಕ್ಷಾಯಣಿ.

“ಅದ್ರಾಗ ಮಗಳ ಮದುವಿ ಐತ್ರಿ.”

“ಸ್ಟೂಲು ಯಾಕ ಹೊಲಿದ್ರಿ?”

“ಆ ಹುಡುಗ ಹೊರಗ ಹೋಗೋತನ ಕುಂತಿದ್ದೆ. ಹರಿದಿತ್ತು.”

ಅವರ ಹೆಂಡತಿ ಸುಗ್ರಾಬಿ ಎಲ್ಲರ ಮುಖ ನೋಡಿದರು, ಚೆಲ್ಲಿದ ಹತ್ತಿಯನ್ನು ಬಳಿದು ದಿಂಬಿನೊಳಗೆ ತುಂಬಿದರು, ಚಪ್ಪಲಿ ಮೆಟ್ಟಿ ತಾವೂ ಜೀಪು ಹತ್ತಿದರು. ದಾವಲಸಾಬ್ ತಪ್ಪೊಪ್ಪಿಕೊಂಡದ್ದು ದಾರಿಯಲ್ಲಿ, ಹೆಂಡತಿಯ ಪಕ್ಕದಲ್ಲೇ ಕುಳಿತು. ಸುಗ್ರಾಬಿ ಕಿಟಕಿಯಾಚೆಯ ಮೆಣಸಿನ ಹೊಲ ನೋಡುತ್ತಿದ್ದರು.

2008ರಲ್ಲಿ ಮಗಳ ಮದುವೆಯ ಊಟದ ಹೊತ್ತು. ಆಳು ಸಾಲದೆ ಸುಗ್ರಾಬಿಯೇ ಸೀರೆ ಎತ್ತಿ ಕಟ್ಟಿ, ಮಸಿ ಮೆತ್ತಿಕೊಂಡು ಅನ್ನದ ಹಂಡೆ ಎಳೆಯುತ್ತಿದ್ದರು. ಗಂಡಿನ ಕಡೆಯ ದೊಡ್ಡವರೊಬ್ಬರು, ಕಂಟೋನ್ಮೆಂಟ್‌ನವರು, ಸೂಟು ಹಾಕಿದ್ದವರು, “ಆಕೆ ಯಾರು?” ಎಂದು ಕೇಳಿದ್ದರು.

“ಕೆಲಸದಾಕಿ ಅಂದ್ಬಿಟ್ಟೆ ರೀ,” ಎಂದರು ದಾವಲಸಾಬ್. “ಕ್ಯಾಮೆರಾ ಬಾಜೂಕ ಇತ್ತು. ಡಿಸ್ಕ್ ಹಾಕಿದಾಗೆಲ್ಲ ನನಗ ಕೇಳ್ತಿತ್ತು. ಮಂದಿಗೆ ಗದ್ಲದಾಗ ಕೇಳ್ತಿರಲಿಲ್ಲ. ಟಿವಿ ಕೆಳಗ ಅಕ್ಷರದಾಗ ಬರದ್ರ ಹಂಗಲ್ಲಲ್ರಿ. ಆಕಿ ಏಳನೇ ಕ್ಲಾಸ್ ಓದ್ಯಾಳ. ಒಂದಕ್ಷರ ಬಿಡಂಗಿಲ್ಲ.”

“ಕ್ಷಮಾ ಕೇಳಬಹುದಿತ್ತಲ್ಲ, ಹದಿನಾರು ವರ್ಷದಾಗ?”

“ಕಿವಿ ಇದ್ದಾಗ ಬಾಯಿ ಬರಲಿಲ್ರಿ.”

12.20ಕ್ಕೆ ಠಾಣೆಯಲ್ಲಿ ಬಂಧನ. ಬಂಧನದ ಕಾರಣವನ್ನು ಸಂಬಂಧಿಕರಿಗೆ ತಿಳಿಸಬೇಕೆಂಬುದು ನಿಯಮ. ಕಿವಿ ಕೇಳದವರಿಗೆ ಬರೆದೇ ತಿಳಿಸಬೇಕು. ಹುಲುಗೇಶನ ಅಕ್ಷರ ಮುತ್ತಿನಂಥದ್ದು, ಆ ಹೆಮ್ಮೆ ಅವನಿಗಿತ್ತು. ಕಳವು ಮಾಡಿದ್ದು ಯಾಕೆಂಬುದನ್ನೂ ಒಂದು ಮಾತು ಬಿಡದೆ ದುಂಡಗೆ ಬರೆದಿದ್ದ. ದಾಕ್ಷಾಯಣಿ ಅದನ್ನು ಗಮನಿಸುವ ಹೊತ್ತಿಗೆ ಹಾಳೆ ಸುಗ್ರಾಬಿಯ ಕೈಯಲ್ಲಿತ್ತು.

ಸುಗ್ರಾಬಿ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು, ಹಿಂದೆ ಬಂದು ಮತ್ತೆ ಅಲ್ಲಿಗೇ ಹೋಯಿತು. ದಾವಲಸಾಬ್ ಅವರ ಕೈ ಕಾಲರಿಗೆ ಹೋಯಿತು. ಸೂಜಿಯನ್ನು ಪೊಲೀಸರು ಆಗಲೇ ತೆಗೆದಿರಿಸಿಕೊಂಡಿದ್ದರು. ಹುಲುಗೇಶ ತನ್ನ ಅಕ್ಷರಗಳನ್ನು ನೋಡಲಾರದೆ ಫ್ಯಾನು ನೋಡಿದ.

“ಪೆನ್ ಕೊಡ್ರಿ,” ಎಂದರು ಸುಗ್ರಾಬಿ.

ಸಹಿ ಮಾಡಿದರು. ಅದರ ಕೆಳಗೆ ‘ಆರೋಪಿಯೊಂದಿಗಿನ ಸಂಬಂಧ’ ಎಂಬ ಕಾಲಂ ಇತ್ತು. ಅದನ್ನೂ ತುಂಬಿದರು: ಕೆಲಸದಾಕಿ.

“ಮೇಡಂ,” ಹುಲುಗೇಶ ಪಿಸುಗುಟ್ಟಿದ, “ಆ ಶಬ್ದ ಹೊಡೆದುಹಾಕ್ಲೇನ್ರಿ?”

“ಬ್ಯಾಡ. ಅವರು ಬರದದ್ದು. ಇರಲಿ.”

ಸಂಜೆ 4.50ಕ್ಕೆ ಆರೋಪಿಗೆ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಅಷ್ಟರಲ್ಲಿ ಸುಗ್ರಾಬಿ ಮಗಳ ಊರು ಸಿರುಗುಪ್ಪದ ಬಸ್ಸು ಹತ್ತಿದ್ದರು.