ಹತ್ತೊಂಬತ್ತು ಜಿಂಕೆಗಳ ಕ್ಷಯ

ಕಸಾಯಿಖಾನೆಯ ತಪಾಸಣೆಗಾರ ಹೆಣ್ಣು ಜಿಂಕೆಯ ಕುತ್ತಿಗೆಯ ಗ್ರಂಥಿ ಸೀಳಿದ. ಗಟ್ಟಿ ಕೀವು ಹೊರಬಿತ್ತು. ಕ್ಷಯ. ಕಿವಿಯ ಬಿಲ್ಲೆಯಲ್ಲಿ ಮಾಸ್‌ಬರ್ನ್ ಊರಲ್ಲಿ ಮಾಂಸಕ್ಕಾಗಿ ಜಿಂಕೆ ಸಾಕುವ ಐಲ್ಸಾಳ ಫಾರ್ಮಿನ ಸಂಖ್ಯೆ ಇತ್ತು.

ಮರುದಿನವೇ ಪಶುವೈದ್ಯೆ ರೋನಾ ಅಲ್ಲಿಗೆ ಹೋದಳು.

“ಇದು ಪಕ್ಕದ ಹೆಕ್ಟರನ ಕೆಲಸ,” ಐಲ್ಸಾ ಗೇಟಿನಲ್ಲೇ ಶುರುಮಾಡಿದಳು. “ಅವನ ಹತ್ರ ಹನ್ನೆರಡು ಜಿಂಕೆ ತಗೊಂಡೆ. ರೋಗದ ಮಾಲು ನನ್ನ ತಲೆಗೆ ಕಟ್ಟಿದ, ಕಳ್ಳ. ಅವನ ಹೆಸರು ಬರ್ಕೊಳ್ಳಿ ಡಾಕ್ಟ್ರೇ.”

“ಮೊದ್ಲು ಪರೀಕ್ಷೆಯ ಸೂಜಿ ಹಾಕ್ತೀನಿ. ಕ್ಷಯ ಇದ್ರೆ ಚುಚ್ಚಿದ ಜಾಗ ಊದುತ್ತೆ. ಹೆಸರು ಆಮೇಲೆ.”

“ರೋಗ ಇದೆ ಅಂತಾದ್ರೆ?”

“ರೋಗ ಇರೋ ಹಿಂಡು ಪೂರ್ತಿ ಕಸಾಯಿಖಾನೆಗೆ ಹೋಗುತ್ತೆ.”

ಐಲ್ಸಾ ಜಿಂಕೆಗಳತ್ತ ತಿರುಗಿದಳು. ಹದಿನೈದು ವರ್ಷ ಆರಿಸಿ ಆರಿಸಿ ಬೆಳೆಸಿದ ಹಿಂಡು.

ಜಗಲಿಯಲ್ಲಿ ಚಾಕು ಮಸೆಯುತ್ತಿದ್ದ ಅವಳಪ್ಪ ಮರ್ಡೊ ನಕ್ಕ. “ಹೆಕ್ಟರನ ಜಿಂಕೆ ಯಾಕೆ, ಅವನ ಕಾಲುಚೀಲ ಸಾಕಲ್ಲ ರೋಗ ಹರಡೋಕೆ!”

* * *

ಮೂರು ದಿನದ ಮೇಲೆ ಹತ್ತೊಂಬತ್ತು ಜಿಂಕೆಗಳ ಕುತ್ತಿಗೆಯಲ್ಲಿ ಸೂಜಿ ಚುಚ್ಚಿದ ಜಾಗ ಊದಿತ್ತು. ಹೆಕ್ಟರನಿಂದ ಬಂದವು ಹೊಳೆಯಾಚೆ ಮೇಯುತ್ತಿದ್ದವು. ಅವುಗಳಲ್ಲಿ ಒಂದಕ್ಕೂ ಊತವಿಲ್ಲ. ಹತ್ತೊಂಬತ್ತೂ ಮನೆ ಹಿಂದಿನ ಹುಲ್ಲುಗಾವಲಿನವು.

ರೋನಾ ಬೇಲಿಗುಂಟ ನಡೆದಳು. ಮೂಲೆಯ ಕಂಬದಲ್ಲಿ ಕಾಡುಹಂದಿಯ ಕೋರೆಹಲ್ಲಿನ ಎಂಟು ದವಡೆಗಳು ತಂತಿಯಲ್ಲಿ ನೇತಾಡುತ್ತಿದ್ದವು. ಕೆಳಗೆ ಹುಲ್ಲು ತುಳಿದು ಬೋಳಾಗಿತ್ತು. ಅವಳು ನೋಡುತ್ತಿದ್ದಂತೆ ಜಿಂಕೆಯೊಂದು ಬಂದು ಕತ್ತು ಚಾಚಿ ಮೂಳೆ ನೆಕ್ಕಿತು.

“ಅಪ್ಪನ ಬೇಟೆ,” ಐಲ್ಸಾ ಹೇಳಿದಳು. “ಸ್ಪರ್ಧೆಗೆಲ್ಲ ಹೋಗ್ತಾರೆ. ಹುಳ ತಿಂದು ಬಿಳಿಯಾದ್ಮೇಲೆ ದವಡೆ ಗೋಡೆಗೆ ಹಾಕ್ತಾರೆ.”

ರೋನಾ ದವಡೆಗಳಿಂದ ಒಣಮಾಂಸ ಕೆರೆದು ಪ್ರಯೋಗಾಲಯಕ್ಕೆ ಕಳಿಸಿದಳು.

* * *

ವರದಿ ಬರಲು ಐದು ವಾರ ಹಿಡಿಯಿತು. ಅಂದೇ ರೋನಾ ಮತ್ತೆ ಫಾರ್ಮಿಗೆ ಬಂದಳು.

“ಈ ಹಂದಿಗಳನ್ನ ಎಲ್ಲಿ ಹೊಡೆದ್ರಿ ಮರ್ಡೊ?”

“ಇಲ್ಲೇ, ಹಿಂದಿನ ಗುಡ್ಡ.”

“ಸುಳ್ಳು. ಜಿಂಕೆಯಲ್ಲಿ ಸಿಕ್ಕಿದ ಕ್ರಿಮಿ, ದವಡೆಯಲ್ಲಿ ಸಿಕ್ಕಿದ ಕ್ರಿಮಿ, ಎರಡೂ ಒಂದೇ ತಳಿ. ಅದಿರೋದು ಉತ್ತರದ ಬೆಟ್ಟಸಾಲಲ್ಲಿ ಮಾತ್ರ. ನಿಮ್ಮ ಬೇಟೆ ಸ್ಪರ್ಧೆ ನಡೆದದ್ದೂ ಅಲ್ಲೇ. ಅಲ್ಲಿಂದ ಹಂದಿ ತಲೆ ಈಚೆ ತರಬಾರದು ಅಂತ ನಿಮಗೆ ಗೊತ್ತು. ದವಡೆ ಬಿಡಿಸುವಾಗ ಗ್ರಂಥಿಯಲ್ಲಿ ಕೀವು ಕಾಣಲಿಲ್ವಾ?”

ಮರ್ಡೊ ತನ್ನ ಕೈ ನೋಡಿಕೊಂಡ.

“ಒಂದರಲ್ಲಿ ಕಂಡಿತ್ತು. ಮೊದಲ ಬಹುಮಾನ ಬಂದ ಹಂದಿ ಅದು. ಹೇಳಿದ್ರೆ ದವಡೆ ಕಿತ್ಕೊಂಡು ಸುಟ್ಟುಹಾಕ್ತಿದ್ರು. ಗ್ರಂಥಿ ಕುಯ್ದು ಎಸೆದೆ.”

“ಎಲ್ಲಿಗೆ?”

ಅವನ ಕಣ್ಣು ಮನೆ ಹಿಂದಿನ ಹುಲ್ಲುಗಾವಲಿನತ್ತ ಹೋಯಿತು.

“ಗೇಟಲ್ಲಿ ನಿಂತು ನಾನು ಹೆಕ್ಟರನ್ನ ಕಳ್ಳ ಅಂದೆ,” ಐಲ್ಸಾಳ ದನಿ ಇಳಿದಿತ್ತು. “ನೀನು ಕೂತು ಕೇಳ್ತಿದ್ದೆಯಲ್ಲಪ್ಪ.”

* * *

ಮರುದಿನ ಬೆಳಿಗ್ಗೆ ಕಸಾಯಿಖಾನೆಯ ಲಾರಿ ಬಂತು. ಜಿಂಕೆಗಳು ಬೆದರಿ ಮೂಲೆ ಸೇರಿದವು. ಅವನು ಕರೆದರೆ ಅವು ಎಂದೂ ಓಡಿ ಬರುತ್ತಿದ್ದವು; ಕರೆದು ತರಲು ಮರ್ಡೊ ಎದ್ದ.

“ಕೂತ್ಕೋ ಅಪ್ಪ,” ಐಲ್ಸಾ ಗೇಟು ತೆರೆಯುತ್ತ ಅಂದಳು. “ಅವು ನಿನ್ನನ್ನ ನಂಬ್ತಾವೆ.”